ಮೆಣಸಿನಕಾಯಿ ಕಣದ ಟ್ರೇಲರ್‌ಗೆ ಬ್ಯಾಟರಿ ಕೂರಿಸಿದ್ದು

ನಮ್ಮ ಹೊಲ ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆ. ಫೆಬ್ರವರಿ ಬಂತೆಂದರೆ ಮೆಣಸಿನಕಾಯಿ ಬಿಡಿಸಿ ಕಣಕ್ಕೆ ಹಾಕುತ್ತೇವೆ. ಒಣಗಲು ಹತ್ತು ಹದಿನೈದು ದಿನ ಬೇಕು. ಅಷ್ಟೂ ರಾತ್ರಿ ಅಲ್ಲೇ ಮಲಗಬೇಕು. ಕಳ್ಳರ ಭಯ ಒಂದು ಕಡೆ. ನಡುರಾತ್ರಿ ಮೋಡ ಕವಿದರೆ ಎದ್ದು ತಾಡಪತ್ರಿ ಎಳೆಯಬೇಕು, ಅದಕ್ಕೆ ನಾಲ್ಕು ಕೈ ಬೇಕು. ಬ್ಯಾಡಗಿ ಮಾರ್ಕೆಟ್‌ಗೆ ಹೋಗುವ ಮಾಲು ಇದು. ನೆನೆದರೆ ಬಣ್ಣ ಹೋಯಿತು, ಬಣ್ಣ ಹೋದರೆ ರೇಟು ಹೋಯಿತು.

ಮಲಗಲು ಹಳೇ ಟ್ರ್ಯಾಕ್ಟರ್ ಟ್ರೇಲರನ್ನೇ ಮನೆ ಮಾಡಿಕೊಂಡಿದ್ದೇವೆ. ಮೇಲೆ ತಗಡು, ಸುತ್ತ ಸೊಳ್ಳೆ ಪರದೆ, ಒಳಗೆ ಹಲಗೆ. ಕಣ ಮುಗಿದ ಮೇಲೆ ಇದೇ ಟ್ರೇಲರ್ ಹುಲಿಗಿ ಜಾತ್ರೆಗೆ ಹೋಗುತ್ತದೆ. ಆನೆಗೊಂದಿ ಹತ್ತಿರ ನೆಂಟರ ಹೊಲದಲ್ಲಿ ಎರಡು ಮೂರು ದಿನ ಬಿಡಾರ ಹೂಡುತ್ತೇವೆ. ಎಲ್ಲೂ ಕರೆಂಟಿಲ್ಲ. ಪಂಪ್‌ಸೆಟ್‌ಗೆ ಬರುವ ತ್ರೀ ಫೇಸ್ ಕೆಲವೇ ಗಂಟೆ, ಅದೂ ಕಣದಿಂದ ದೂರ. ಹಾಗಾಗಿ ಟ್ರೇಲರ್‌ಗೇ ಒಂದು ಬ್ಯಾಟರಿ, ಒಂದು ಸೋಲಾರ್ ಪ್ಯಾನೆಲ್ ಬೇಕೇಬೇಕು ಅಂತಾಯಿತು. ಸರಿಯಾದದ್ದು ಕೂರಿಸುವಷ್ಟರಲ್ಲಿ ಮೂರು ಸುಗ್ಗಿ ಕಳೆಯಿತು.

ಮೊದಲ ವರ್ಷ ಟ್ರ್ಯಾಕ್ಟರ್‌ನ ಬ್ಯಾಟರಿಯಿಂದಲೇ ವೈರ್ ಎಳೆದೆ. 88 ಎಎಚ್ (ಆಂಪ್ ಗಂಟೆ, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಇದೆಯಲ್ಲ, ಎರಡು ದೀಪ, ಒಂದು ಫ್ಯಾನ್ ಯಾವ ಲೆಕ್ಕ ಅಂದುಕೊಂಡೆ. ಮೂರನೇ ದಿನ ಬೆಳಗ್ಗೆ ಕೀ ತಿರುವಿದರೆ ಟಕ್ ಅಂದು ಸುಮ್ಮನಾಯಿತು. ಪಕ್ಕದ ಹೊಲದವರ ಟ್ರ್ಯಾಕ್ಟರ್ ತಂದು ಎಳೆದು ಸ್ಟಾರ್ಟ್ ಮಾಡಿದೆವು. ಆ ಸುಗ್ಗಿ ಮುಗಿಯುವಷ್ಟರಲ್ಲಿ ಬ್ಯಾಟರಿ ಸೆಲ್ಫ್ ಎಳೆಯುವ ಶಕ್ತಿಯನ್ನೇ ಕಳೆದುಕೊಂಡಿತ್ತು.

ಯಾಕೆ ಹೀಗೆ ಅಂತ ತೋರಿಸಿದವರು ಬಳ್ಳಾರಿಯಲ್ಲಿ ಬ್ಯಾಟರಿ ರಿಪೇರಿ ಮಾಡುವ ಒಬ್ಬ ಹಿರಿಯರು. ಒಡೆದಿಟ್ಟಿದ್ದ ಎರಡು ಹಳೇ ಬ್ಯಾಟರಿ ಪಕ್ಕಪಕ್ಕ ಇಟ್ಟರು. ಟ್ರ್ಯಾಕ್ಟರ್ ಬ್ಯಾಟರಿಯ ಪ್ಲೇಟುಗಳು ಜೋಳದ ರೊಟ್ಟಿಯಷ್ಟು ತೆಳು, ಒಂದಕ್ಕೊಂದು ಒತ್ತಿಕೊಂಡು ತುಂಬಾ ಇದ್ದವು. ಇನ್ನೊಂದು ಇನ್ವರ್ಟರ್‌ನ ಟ್ಯೂಬುಲರ್ ಬ್ಯಾಟರಿ. ಅದರ ಪಾಸಿಟಿವ್ ಪ್ಲೇಟು ಅಂದರೆ ಬಳಪದ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ. ಪ್ರತಿ ಕಡ್ಡಿಯ ನಡುವೆ ಸೀಸದ ತಂತಿ, ಸುತ್ತ ಕಪ್ಪು ಪುಡಿ, ಅದರ ಮೇಲೆ ಬಟ್ಟೆಯ ಚೀಲ. "ಇದು ಒಂದೇ ಏಟಿಗೆ ಜೋರಾಗಿ ಒದೆಯೋ ಬ್ಯಾಟರಿ ತಮ್ಮಾ, ಅದು ರಾತ್ರಿಯೆಲ್ಲ ದುಡಿಯೋ ಬ್ಯಾಟರಿ. ಒಂದರ ಕೆಲಸ ಇನ್ನೊಂದಕ್ಕೆ ಹಚ್ಚಬ್ಯಾಡ" ಅಂದರು. ತೆಳು ಪ್ಲೇಟು ಒಮ್ಮೆಗೇ ನೂರಾರು ಆಂಪ್ ಕೊಡುತ್ತದೆ, ಆದರೆ ಪದೇಪದೇ ಪೂರ್ತಿ ಬಸಿದರೆ ಅದರ ಪುಡಿ ಉದುರಿ ತಳ ಸೇರುತ್ತದೆ. ಒಡೆದ ಬ್ಯಾಟರಿಯ ತಳದಲ್ಲಿ ಬೆರಳು ಗಾತ್ರ ಕಂದು ಕೆಸರು ಕೂತಿತ್ತು. ಡೀಪ್ ಸೈಕಲ್, ಅಂದರೆ ಆಳವಾಗಿ ಬಸಿದು ಮತ್ತೆ ತುಂಬಿಸುವುದು, ಏನು ಅಂತ ನನಗೆ ಆ ಕೆಸರು ನೋಡಿದಾಗಲೇ ತಿಳಿದದ್ದು.

ಎರಡನೇ ವರ್ಷ ಲೆಕ್ಕ ಹಾಕಿಯೇ ಹೊರಟೆ. ಒಂದು ರಾತ್ರಿಗೆ ನಮಗೆ ಏನು ಬೇಕು? 7 ವ್ಯಾಟ್‌ನ ಎರಡು ಎಲ್‌ಇಡಿ ಐದು ಗಂಟೆ ಉರಿದರೆ 70 ವ್ಯಾಟ್ ಗಂಟೆ. ಕಣದ ಕಡೆ ಮುಖ ಮಾಡಿದ 5 ವ್ಯಾಟ್ ದೀಪ ರಾತ್ರಿಯಿಡೀ, ಅದು 55. 18 ವ್ಯಾಟ್‌ನ ಡಿಸಿ ಫ್ಯಾನ್ ಎರಡು, ಒಂಬತ್ತು ಗಂಟೆಗೆ 324. ನಾಲ್ಕು ಮೊಬೈಲಿಗೆ 60, ರೇಡಿಯೋಗೆ 20. ಎಲ್ಲ ಸೇರಿ ಸುಮಾರು 530 ವ್ಯಾಟ್ ಗಂಟೆ. 12ರಿಂದ ಭಾಗಿಸಿದರೆ 44 ಎಎಚ್. ನೋಡಿ, ಇದರಲ್ಲಿ ದೀಪದ ಪಾಲು ಕಡಿಮೆ, ತಿನ್ನುವುದೆಲ್ಲ ಫ್ಯಾನ್. ಅದಕ್ಕೇ ಮನೆಯ 230 ವೋಲ್ಟ್ ಟೇಬಲ್ ಫ್ಯಾನ್ ತಂದು ಇನ್ವರ್ಟರ್‌ಗೆ ಸಿಕ್ಕಿಸಬೇಡಿ. ಅದೊಂದೇ 50 ವ್ಯಾಟ್ ಎಳೆಯುತ್ತದೆ. ಬ್ಯಾಟರಿ ದೊಡ್ಡದು ಮಾಡುವ ಮೊದಲು ಫ್ಯಾನ್ ಬದಲಿಸುವುದು ಅಗ್ಗ.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಬಸಿಯಬಾರದು. ಅಂದರೆ ಒಂದು ರಾತ್ರಿಗೇ 88 ಎಎಚ್ ಬ್ಯಾಟರಿ ಬೇಕು. ಒಂದು ದಿನ ಮೋಡ ಇದ್ದರೆ ಅಂತ ಇನ್ನೊಂದು ರಾತ್ರಿ ಸೇರಿಸಿದರೆ 176. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 150. ಆ ಟ್ಯೂಬುಲರನ್ನೇ ತಂದೆ. ಜೊತೆಗೆ 100 ವ್ಯಾಟ್ ಪ್ಯಾನೆಲ್.

ಕೊಳ್ಳುವಾಗ ಲೇಬಲ್ ಮೇಲೆ ಸಿ20, ಸಿ10 ಅಂತ ಇರುತ್ತದೆ, ಅದನ್ನು ನೋಡಲೇಬೇಕು. 150 ಎಎಚ್ ಸಿ20 ಅಂದರೆ 7.5 ಆಂಪ್‌ನಂತೆ ನಿಧಾನಕ್ಕೆ ಎಳೆದರೆ 20 ಗಂಟೆ ಬರುತ್ತದೆ. 150 ಎಎಚ್ ಸಿ10 ಅಂದರೆ 15 ಆಂಪ್ ಎಳೆದರೂ 10 ಗಂಟೆ ಬರುತ್ತದೆ. ಎರಡರ ಮೇಲೂ 150 ಅಂತಲೇ ಇದೆ, ಆದರೆ ಎರಡನೆಯದರಲ್ಲಿ ಸರಕು ಜಾಸ್ತಿ. ಸೋಲಾರ್‌ಗೆ ಅಂತ ಮಾರುವವು ಸಾಮಾನ್ಯವಾಗಿ ಸಿ10, ಮನೆ ಇನ್ವರ್ಟರ್‌ನವು ಸಿ20. ನಮ್ಮ ಹಾಗೆ ನಾಲ್ಕೈದು ಆಂಪ್ ಎಳೆಯುವವರಿಗೆ ಸಿ20 ಸಾಕು. ಮಿಕ್ಸಿ, ಪಂಪು ಓಡಿಸುವವರು ಸಿ10 ತೆಗೆದುಕೊಳ್ಳಿ.

ಈಗ ತಪ್ಪು ಎಲ್ಲಾಯಿತು ಹೇಳುತ್ತೇನೆ. ಬ್ಯಾಟರಿ ಲೆಕ್ಕ ಸರಿಯಿತ್ತು. ಅದನ್ನು ತುಂಬಿಸುವ ಲೆಕ್ಕ ನಾನು ಹಾಕಿರಲಿಲ್ಲ. ತಗಡಿನ ಮೇಲೆ ಸಪಾಟಾಗಿ ಮಲಗಿಸಿದ, ಕಣದ ಧೂಳು ಕೂತ 100 ವ್ಯಾಟ್ ಪ್ಯಾನೆಲ್ ದಿನಕ್ಕೆ ಕೊಟ್ಟದ್ದು 400 ವ್ಯಾಟ್ ಗಂಟೆ. ಸೀಸದ ಬ್ಯಾಟರಿ ಅದರಲ್ಲಿ ಐದನೇ ಒಂದು ಪಾಲನ್ನು ಶಾಖ ಮಾಡಿ, ನೀರನ್ನು ಗ್ಯಾಸ್ ಮಾಡಿ ಕಳೆಯುತ್ತದೆ. ಉಳಿದದ್ದು 320. ನಾವು ದಿನಾ ಖರ್ಚು ಮಾಡುತ್ತಿದ್ದದ್ದು 530. ಅಂದರೆ ದಿನಾ 210ರ ಸಾಲ. ಐದನೇ ದಿನ ಬೆಳಗ್ಗೆ ಮೀಟರ್ 11.9 ವೋಲ್ಟ್ ತೋರಿಸಿತು. ಪೂರ್ತಿ ತುಂಬಿ ತಣ್ಣಗೆ ಕೂತ ಬ್ಯಾಟರಿ 12.5ರಿಂದ 12.7 ತೋರಿಸಬೇಕು, ಅರ್ಧಕ್ಕೆ 12.2. ನಾವು ಅರ್ಧ ದಾಟಿ ಬಹಳ ಕೆಳಗೆ ಇಳಿದಿದ್ದೆವು.

ಆಸಿಡ್ ಎಷ್ಟು ದಟ್ಟವಾಗಿದೆ ಅಂತ ಅಳೆಯುವ ಹೈಡ್ರೋಮೀಟರ್ ತಂದು ಆರೂ ಮುಚ್ಚಳ ಬಿಚ್ಚಿದೆ. ರಬ್ಬರ್ ಬುರುಡೆ ಒತ್ತಿ ಬಿಟ್ಟರೆ ಆಸಿಡ್ ಗಾಜಿನ ಕೊಳವೆಗೆ ಏರುತ್ತದೆ, ಒಳಗಿನ ತೇಲುಕಡ್ಡಿ ಎಲ್ಲಿ ನಿಂತಿತು ಅಂತ ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ನಮ್ಮ ಕಡೆಯ ಬಿಸಿಲಿಗೆ ಅಂತ ಮಾಡಿದ ಟ್ಯೂಬುಲರ್‌ನಲ್ಲಿ ಪೂರ್ತಿ ಚಾರ್ಜ್ ಆದಾಗ ಗ್ರಾವಿಟಿ, ಅಂದರೆ ಆಸಿಡ್‌ನ ದಟ್ಟಣೆ, 1240 ಬರಬೇಕು. ನನಗೆ ಬಂದದ್ದು 1150. ಆರೂ ಸೆಲ್‌ನಲ್ಲಿ ಹೆಚ್ಚುಕಡಿಮೆ ಒಂದೇ. ಅದೇ ಸಮಾಧಾನ. ಒಂದು ಸೆಲ್ ಮಾತ್ರ ಕೆಳಗಿದ್ದರೆ ಆ ಸೆಲ್ ಹೋಗಿದೆ ಅಂತ. ಆರೂ ಒಟ್ಟಿಗೆ ಕೆಳಗಿದ್ದರೆ ಬ್ಯಾಟರಿಗೆ ಹೊಟ್ಟೆ ತುಂಬಿಲ್ಲ ಅಂತ.

ಹೀಗೆ ಅರೆಹೊಟ್ಟೆಯಲ್ಲಿ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ. ವಾರಗಟ್ಟಲೆ ಬಿಟ್ಟರೆ ಅದು ಮತ್ತೆ ಕರಗುವುದಿಲ್ಲ. ಇನ್ನೊಂದು ತೊಡಕು: ಸೀಸದ ಬ್ಯಾಟರಿ ಕೊನೆಯ 20 ಪರ್ಸೆಂಟ್ ತುಂಬಿಕೊಳ್ಳುವುದು ಬಹಳ ನಿಧಾನ, ಅದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಹಾಗಾಗಿ ದೊಡ್ಡ ಬ್ಯಾಟರಿ, ಸಣ್ಣ ಪ್ಯಾನೆಲ್ ಜೋಡಿ ಬ್ಯಾಟರಿಯನ್ನು ಕಾಪಾಡುವುದಿಲ್ಲ, ದಿನಾ ಅಷ್ಟಷ್ಟೇ ಕೊಲ್ಲುತ್ತದೆ. ಬ್ಯಾಟರಿ ಎಷ್ಟು ದೊಡ್ಡದಿರಬೇಕು ಅಂತ ಕೇಳುವವರಿಗೆ ಈಗ ನಾನು ಮೊದಲು ಕೇಳುವುದು, ನಿಮ್ಮ ಪ್ಯಾನೆಲ್ ದಿನಕ್ಕೆ ಎಷ್ಟು ವಾಪಸ್ ಕೊಡುತ್ತದೆ ಅಂತ.

ಆ ಬ್ಯಾಟರಿಯನ್ನು ಮನೆಗೆ ತಂದು ಇನ್ವರ್ಟರ್ ಚಾರ್ಜರ್‌ಗೆ ಎರಡು ದಿನ ಹಾಕಿದೆ. ಗ್ರಾವಿಟಿ 1225ಕ್ಕೆ ಏರಿತು. ಉಳಿಯಿತು.

ಆದರೆ ಅದನ್ನು ಮತ್ತೆ ಟ್ರೇಲರ್‌ಗೆ ಏರಿಸಲಿಲ್ಲ. ಕಾರಣ ಅವ್ವನ ಕೌದಿ. ಬ್ಯಾಟರಿ ಟ್ರೇಲರ್ ಒಳಗೆ ಮೂಲೆಯಲ್ಲಿತ್ತು. ಎರೆ ಹೊಲದ ದಾರಿ ಗೊತ್ತಲ್ಲ, ಮಳೆಯಲ್ಲಿ ಚಕ್ರ ಹೂತ ಗುಂಡಿಗಳು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಒಣಗಿರುತ್ತವೆ. ಆ ಕುಲುಕಾಟಕ್ಕೆ ಮುಚ್ಚಳದ ಸಂದಿಯಿಂದ ಆಸಿಡ್ ಸಿಡಿದು ಪಕ್ಕದಲ್ಲಿದ್ದ ಕಂಬಳಿ, ಕೌದಿ ಎರಡಕ್ಕೂ ತಾಗಿತ್ತು. ಅವತ್ತು ಏನೂ ಕಾಣಲಿಲ್ಲ. ಊರಿಗೆ ಬಂದು ಒಗೆದ ಮೇಲೆ ಕೌದಿಯಲ್ಲಿ ತೂತುಗಳು ಬಿದ್ದವು. ಕಂಬಳಿಗೆ ಏನೂ ಆಗಿರಲಿಲ್ಲ. ಆಸಿಡ್ ಹತ್ತಿಯನ್ನು ತಿನ್ನುತ್ತದೆ, ಉಣ್ಣೆ ಅದಕ್ಕಿಂತ ತಡೆದುಕೊಳ್ಳುತ್ತದೆ. ಅವ್ವ ತನ್ನ ಅವ್ವನ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಅದು. ಅವಳು ಒಂದು ಮಾತೂ ಆಡಲಿಲ್ಲ. ತೂತಿನ ಸುತ್ತ ಬೆರಳಾಡಿಸಿ ಮಡಚಿಟ್ಟಳು. ನನಗೆ ಅದೇ ಜಾಸ್ತಿ ನೋವಾಯಿತು.

ಬಟ್ಟೆಯ ಮಾತು ಬಿಡಿ, ಮಲಗುವ ಜಾಗದಲ್ಲಿ ನೀರಿನ ಬ್ಯಾಟರಿ ಇಡುವುದೇ ತಪ್ಪು. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು 4 ಪರ್ಸೆಂಟ್ ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಸೊಳ್ಳೆ ಬತ್ತಿ ಹಚ್ಚಿಕೊಂಡು ಮಲಗುವ ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಆಸಿಡ್ ಚೆಲ್ಲಿದರೆ ಅಡುಗೆ ಸೋಡಾ ನೀರಿನಲ್ಲಿ ಕಲಸಿ ಸುರಿಯಿರಿ, ನೊರೆ ನಿಂತ ಮೇಲೆ ತೊಳೆಯಿರಿ. ಒಂದು ಪೊಟ್ಟಣ ಸೋಡಾ ಟ್ರೇಲರ್‌ನಲ್ಲಿ ಇರಲಿ.

ಮೂರನೇ ವರ್ಷಕ್ಕೆ ಎದುರಿಗಿದ್ದದ್ದು ಮೂರು ದಾರಿ. ಒಂದು, ಇ-ರಿಕ್ಷಾದ ಬ್ಯಾಟರಿ. ದಿನಾ ಬಸಿದು ದಿನಾ ತುಂಬಿಸಲೆಂದೇ ಮಾಡಿದ್ದು, ಟ್ಯೂಬುಲರ್‌ಗಿಂತ ಕುಳ್ಳು, ಎತ್ತುವುದು ಸುಲಭ, ಬೆಲೆಯೂ ಕಡಿಮೆ. ಆದರೆ ಅದೂ ಸೀಸ, ಅದಕ್ಕೂ ನೀರು, ಅದೂ ಅರೆಹೊಟ್ಟೆ ತಾಳುವುದಿಲ್ಲ. ಎರಡು, ನೀರು ಹಾಕದ ಸೀಲ್ಡ್ ಜೆಲ್ ಬ್ಯಾಟರಿ. ಚೆಲ್ಲುವ ಭಯ ಇಲ್ಲ. ಆದರೆ ಶಾಖಕ್ಕೆ ಸೂಕ್ಷ್ಮ. ಸೀಸದ ಬ್ಯಾಟರಿಗೆ ಹತ್ತು ಡಿಗ್ರಿ ಶಾಖ ಏರಿದರೆ ಆಯಸ್ಸು ಅರ್ಧ ಅನ್ನುವುದು ಬ್ಯಾಟರಿಯವರ ಹಳೇ ಲೆಕ್ಕ. ನೀರಿನ ಬ್ಯಾಟರಿಯಲ್ಲಿ ಗ್ಯಾಸ್ ಆಗಿ ಹೋದ ನೀರನ್ನು ಮತ್ತೆ ತುಂಬಬಹುದು, ಸೀಲ್ಡ್‌ನಲ್ಲಿ ಹೋದದ್ದು ಹೋಯಿತು. 40 ಡಿಗ್ರಿ ದಾಟುವ ನಮ್ಮ ಊರಿಗೆ ನನಗೆ ಮನಸ್ಸಾಗಲಿಲ್ಲ.

ಮೂರು, ಲಿಥಿಯಂ. ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂತಾರೆ. 3.2 ವೋಲ್ಟ್‌ನ ನಾಲ್ಕು ಸೆಲ್ ಸೇರಿ 12.8. ನಾನು ಕೊಂಡಾಗ 100 ಎಎಚ್‌ಗೆ ಟ್ಯೂಬುಲರ್‌ನ ಹೆಚ್ಚುಕಡಿಮೆ ಎರಡರಷ್ಟು ಬೆಲೆ. ಮಾರುವವರು 2000ಕ್ಕೂ ಹೆಚ್ಚು ಸೈಕಲ್ (ಒಮ್ಮೆ ತುಂಬಿಸಿ ಬಸಿದರೆ ಒಂದು) ಬರುತ್ತದೆ ಅಂತ ಒತ್ತಿ ಹೇಳುತ್ತಾರೆ. ನಾನು ಅದಕ್ಕೆ ಮರುಳಾಗಿ ಕೊಳ್ಳಲಿಲ್ಲ. ವರ್ಷಕ್ಕೆ ನಲವತ್ತು ರಾತ್ರಿ ಬಳಸುವವನಿಗೆ ಸೈಕಲ್ ಲೆಕ್ಕ ಯಾಕೆ? ಉಳಿದ 300ಕ್ಕೂ ಹೆಚ್ಚು ದಿನ ಅದು ಸುಮ್ನೆ ಕೂತಿರುವಾಗ ಏನಾಗುತ್ತದೆ ಅನ್ನುವುದು ಮುಖ್ಯ. ಸೀಸದ್ದು ಕೂತಲ್ಲೇ ಇಳಿಯುತ್ತದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಲೇಬೇಕು. ಲಿಥಿಯಂ ಅನ್ನು ಅರ್ಧ ತುಂಬಿಸಿ, ಎಲ್ಲ ವೈರ್ ಬಿಚ್ಚಿಟ್ಟರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಅರ್ಧ ಚಾರ್ಜ್‌ನಲ್ಲಿದ್ದರೆ ಅದಕ್ಕೆ ತೊಂದರೆಯೇ ಇಲ್ಲ. ತೂಕ 12 ಕೆಜಿ. ಟ್ಯೂಬುಲರ್ ಆಸಿಡ್ ಸೇರಿ 55ರ ಮೇಲಿತ್ತು, ಇಬ್ಬರು ಹಿಡಿಯಬೇಕಿತ್ತು. 100 ಎಎಚ್‌ನಲ್ಲಿ 1280 ವ್ಯಾಟ್ ಗಂಟೆ, ಎರಡು ರಾತ್ರಿಯ 1060 ಅದರಲ್ಲಿ ಆರಾಮಾಗಿ ಹಿಡಿಸುತ್ತದೆ.

ನಿಮ್ಮ ಟ್ರೇಲರ್ ಒಂದೇ ಕಡೆ ನಿಲ್ಲುತ್ತದೆ, ವರ್ಷವಿಡೀ ಬಳಸುತ್ತೀರಿ, ಪ್ಯಾನೆಲ್ ದೊಡ್ಡದಿದೆ ಅಂದರೆ ಟ್ಯೂಬುಲರ್ ಒಳ್ಳೆಯದೇ. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರಿನ ನೀರು ಮಾತ್ರ ಬೇಡ. ನಮ್ಮ ಬೋರಿನ ನೀರಿಗೆ ಪಾತ್ರೆಯಲ್ಲೇ ಬಿಳಿ ಉಪ್ಪು ಕಟ್ಟುತ್ತದೆ, ಪ್ಲೇಟಿಗೆ ಕಟ್ಟದೇ ಇರುತ್ತದಾ?

ಲಿಥಿಯಂ ಬಂದ ದಿನವೇ ಟ್ರೇಲರ್‌ಗೆ ಹಾಕಲಿಲ್ಲ. ಮೊದಲು ಅಂಗಳದಲ್ಲಿ ಪರೀಕ್ಷೆ. ಒಳಗೆ ಹಳೇ ಸೆಲ್ ತುಂಬಿ ಹೊಸ ಡಬ್ಬಿಯಲ್ಲಿ ಮಾರುವುದೂ ಇದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ, ಆಂಪ್ ಎಣಿಸುವ ಶಂಟ್ ಮೀಟರ್ ಹಾಕಿ, 55 ವ್ಯಾಟ್‌ನ ಎರಡು ಹೆಡ್‌ಲೈಟ್ ಬಲ್ಬ್ ಜೋಡಿಸಿದೆ. ಬಲ್ಬ್ ಬಹಳ ಬಿಸಿಯಾಗುತ್ತದೆ, ಇಟ್ಟಿಗೆ ಮೇಲೆ ಇಟ್ಟಿದ್ದೆ. ಮೀಟರ್ 9 ಆಂಪ್ ತೋರಿಸಿತು. ಬೆಳಗ್ಗೆ 7ಕ್ಕೆ ಹಚ್ಚಿದ್ದು, ಅರ್ಧ ಗಂಟೆಗೊಮ್ಮೆ ನೋಟ್‌ಬುಕ್‌ನಲ್ಲಿ ವೋಲ್ಟ್ ಬರೆಯುತ್ತಾ ಕೂತೆ. ಮಧ್ಯಾಹ್ನದವರೆಗೂ ವೋಲ್ಟೇಜ್ 13ರ ಹತ್ತಿರವೇ ನಿಂತಿತ್ತು. ಸಂಜೆ ಐದರ ಮೇಲೆ ಸರ್ರನೆ ಇಳಿಯಿತು, ಪೌಣೆ ಆರಕ್ಕೆ ಸೆಲ್‌ಗಳನ್ನು ಕಾಯುವ ಒಳಗಿನ ಬಿಎಂಎಸ್ ಸರ್ಕ್ಯೂಟ್ ಕಟ್ ಮಾಡಿ ಎರಡೂ ಬಲ್ಬ್ ಒಮ್ಮೆಗೇ ಆರಿದವು. ಲೆಕ್ಕ 97 ಎಎಚ್. ಮಾಲು ಸರಿಯಿದೆ. ಈ ಕೆಲಸವನ್ನು ವಾಪಸ್ ಕೊಡುವ ಗಡುವಿನೊಳಗೆ ಮಾಡಿ ಮುಗಿಸಿ.

ಇದರಿಂದ ಇನ್ನೊಂದು ತಿಳಿಯಿತು. ಲಿಥಿಯಂನಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಹೇಳಲು ಆಗುವುದಿಲ್ಲ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ಹೆಚ್ಚುಕಡಿಮೆ ಅದೇ ಅಂಕಿ. ಹಾಗಾಗಿ ಶಂಟ್ ಮೀಟರನ್ನು ಟ್ರೇಲರ್‌ನಲ್ಲೇ ಶಾಶ್ವತವಾಗಿ ಕೂರಿಸಿದೆ.

ಜಾಗ ಎಲ್ಲಿ? ತಗಡಿನ ಕೆಳಗೆ, ಒಳಮೂಲೆಯಲ್ಲಿ ಥರ್ಮಾಮೀಟರ್ ಇಟ್ಟು ಮಾರ್ಚ್‌ನ ಮಧ್ಯಾಹ್ನ ನೋಡಿದರೆ 52 ಡಿಗ್ರಿ. ಈ ಬ್ಯಾಟರಿಯ ಲೇಬಲ್ ಮೇಲೆ ಚಾರ್ಜಿಂಗ್ ಮಿತಿ 55. ಅಂಚಿನಲ್ಲಿ ಕೂರಿಸುವುದು ಬೇಡ ಅಂತ ಟ್ರೇಲರ್ ತಳದ ಕೆಳಗೆ, ಎರಡು ಕಬ್ಬಿಣದ ಚಾನೆಲ್ ನಡುವೆ, ಪ್ಲೈವುಡ್ ಪೆಟ್ಟಿಗೆ ಮಾಡಿ ತೂಗುಹಾಕಿದೆ. ಹೊರಗೆ ಬಿಳಿ ಪೇಂಟ್, ಎರಡೂ ಬದಿ ಜಾಲರಿ, ಒಳಗೆ ಹಳೇ ಟೈರ್ ಟ್ಯೂಬ್ ಕತ್ತರಿಸಿ ಹಾಸಿದ್ದು. ಮೇಲಿನಿಂದ ಹಲಗೆ ಎತ್ತಿದರೆ ಕೈಗೆ ಸಿಗುತ್ತದೆ. ಅದೇ ಹೊತ್ತಿಗೆ ಅಲ್ಲಿ 43.

ಪ್ಯಾನೆಲ್ 125 ವ್ಯಾಟ್‌ನವು ಎರಡು ಹಾಕಿದೆ, ಪ್ಯಾನೆಲ್‌ನಿಂದ ಆದಷ್ಟೂ ಶಕ್ತಿ ಹಿಂಡಿ ಬ್ಯಾಟರಿಗೆ ಕೊಡುವ 20 ಆಂಪ್ ಎಂಪಿಪಿಟಿ ಕಂಟ್ರೋಲರ್ ಜೊತೆ. ಕಂಟ್ರೋಲರ್‌ಗೆ ಯಾವಾಗಲೂ ಮೊದಲು ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ. ಸೀಸದ ಬ್ಯಾಟರಿಯ ಸೆಟ್ಟಿಂಗ್‌ನಲ್ಲಿ ಆಗಾಗ ವೋಲ್ಟೇಜ್ ಏರಿಸುವ ಈಕ್ವಲೈಸ್ ಅಂತ ಒಂದಿರುತ್ತದೆ. ಲಿಥಿಯಂಗೆ ಅದನ್ನು ಆಫ್ ಮಾಡಲೇಬೇಕು. ನಾನು 14.2ಕ್ಕೆ ಚಾರ್ಜ್ ನಿಲ್ಲುವ ಹಾಗೆ ಇಟ್ಟಿದ್ದೇನೆ. ಟ್ರ್ಯಾಕ್ಟರ್‌ನ ಡೈನಮೋದಿಂದ ನೇರವಾಗಿ ಇದಕ್ಕೆ ವೈರ್ ಎಳೆಯಬೇಡಿ. ಲಿಥಿಯಂ ಕೊಟ್ಟಷ್ಟೂ ಎಳೆಯುತ್ತದೆ, ಡೈನಮೋ ಸುಟ್ಟೀತು. ನಡುವೆ ಕರೆಂಟನ್ನು ಹಿಡಿತದಲ್ಲಿಡುವ ಡಿಸಿ-ಡಿಸಿ ಚಾರ್ಜರ್ ಬೇಕು.

ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ 30 ಆಂಪ್ ಫ್ಯೂಸ್ ಹಾಕಿದೆ. ಕಣದಲ್ಲಿ ಇಲಿ ಬಹಳ, ವೈರ್ ಕಡಿದು ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪ್ ಸುರಿಯುತ್ತದೆ. ವೈರೆಲ್ಲ ಪೈಪ್‌ನೊಳಗೆ ಹೋಗುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಫ್ಯಾನ್‌ಗಳು ಎಳೆದೆಳೆದು ತಿರುಗಿದವು. ಬ್ಯಾಟರಿ ಹತ್ತಿರ 13.2 ವೋಲ್ಟ್, ಟ್ರೇಲರ್‌ನ ಆ ತುದಿಯ ಫ್ಯಾನ್ ಹತ್ತಿರ 11.6. ಆರು ಮೀಟರ್‌ನೊಳಗೆ 1.6 ವೋಲ್ಟ್ ಎಲ್ಲಿ ಹೋಯಿತು? ಹಳೇ ವೈರ್ 0.75 ಎಂಎಂನ ತೆಳುವಾದದ್ದು. ಹೋಗಿ ಬರುವ 12 ಮೀಟರ್ ವೈರ್‌ನಲ್ಲೇ, ನಾಲ್ಕೂವರೆ ಆಂಪ್‌ಗೆ, ಸುಮಾರು 1.2 ವೋಲ್ಟ್ ಕಳೆಯುತ್ತದೆ. ಉಳಿದದ್ದು ನಡುವಿನ ಜಾಯಿಂಟ್‌ನಲ್ಲಿ. ಟೇಪ್ ಬಿಚ್ಚಿದರೆ ತಾಮ್ರ ಹಸಿರುಗಟ್ಟಿತ್ತು. ಎಲ್ಲ ಕಿತ್ತು 4 ಎಂಎಂ ವೈರ್ ಎಳೆದು, ತಿರುಚುವ ಬದಲು ವೈರ್ ತುದಿಗೆ ಲೋಹದ ಲಗ್ ಒತ್ತಿದೆ. ಈಗ ಕಳೆಯುವುದು ಕಾಲು ವೋಲ್ಟ್. ಬ್ಯಾಟರಿ ವೀಕ್ ಆಗಿದೆ ಅಂತ ಹೊಸದು ತರಲು ಹೊರಟ ಇಬ್ಬರು ಗೆಳೆಯರ ಟ್ರೇಲರ್‌ನಲ್ಲೂ ಆಮೇಲೆ ಸಿಕ್ಕಿದ್ದು ಇದೇ ತಪ್ಪು. ಮೊದಲು ಎರಡೂ ತುದಿಯಲ್ಲಿ ಮೀಟರ್ ಹಿಡಿಯಿರಿ.

ಆನೆಗೊಂದಿಯಲ್ಲಿ ಇನ್ನೊಂದು ಕಂಡಿತು. ಅಲ್ಲಿ ಬಂಡೆಗುಡ್ಡಗಳ ನಡುವೆ ಟ್ರೇಲರ್ ನಿಂತರೆ ಸಂಜೆ ನಾಲ್ಕಕ್ಕೇ ನೆರಳು. ಪ್ಯಾನೆಲ್‌ನ ಒಂದು ಅಂಚಿಗೆ ಬಂಡೆಯ ನೆರಳು ಬಿದ್ದರೂ ಆಂಪ್ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ, ಯಾಕೆಂದರೆ ಒಳಗಿನ ಸೆಲ್‌ಗಳು ಸರಪಳಿಯ ಹಾಗೆ ಒಂದರ ಹಿಂದೆ ಒಂದು. ಅದಕ್ಕೆ ಒಂದು ಪ್ಯಾನೆಲ್ ಬಿಚ್ಚಿ ಒಯ್ಯುವ ಹಾಗೆ ಮಾಡಿ, ಹತ್ತು ಮೀಟರ್ ವೈರ್ ಕೊಟ್ಟಿದ್ದೇನೆ. ಟ್ರೇಲರ್ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ.

ಈ ಸುಗ್ಗಿಯಲ್ಲಿ ಹದಿಮೂರು ರಾತ್ರಿ ಕಣದಲ್ಲಿದ್ದೆವು. ನಡುವೆ ಒಂದು ದಿನ ಪೂರ್ತಿ ಮೋಡ, ಆ ಮರುದಿನ ಬೆಳಗ್ಗೆ ಮೀಟರ್ 22 ಎಎಚ್ ಉಳಿಕೆ ತೋರಿಸಿತು. ಅದೇ ಅತಿ ಕಡಿಮೆ. ಬಿಸಿಲು ಬಂದ ಮೇಲೆ ಎರಡು ದಿನದಲ್ಲಿ ಮತ್ತೆ ತುಂಬಿತು. ಉಳಿದ ದಿನ ಮಧ್ಯಾಹ್ನ ಎರಡರೊಳಗೆ ಪೂರ್ತಿ 100. ಹಳೇ ಟ್ಯೂಬುಲರ್ ಮನೆಯ ಇನ್ವರ್ಟರ್‌ಗೆ ದುಡಿಯುತ್ತಿದೆ, ಮೊನ್ನೆ ಗ್ರಾವಿಟಿ 1235 ಇತ್ತು.

ಅವ್ವ ಕೌದಿಯ ತೂತುಗಳಿಗೆ ಕೆಂಪು ಬಟ್ಟೆಯ ತುಂಡು ಇಟ್ಟು ಹೊಲಿದಿದ್ದಾಳೆ. ಈ ಸಲ ಕಣಕ್ಕೆ ಬಂದವಳು ಪೆಟ್ಟಿಗೆಯ ಮೇಲಿನ ಹಲಗೆಯನ್ನು ಒಮ್ಮೆ ಎತ್ತಿಸಿ ಒಳಗೆ ನೋಡಿದಳು. "ಇದಕ್ಕ ನೀರು ಇಲ್ಲಲ್ಲ?" ಅಂದಳು. ಇಲ್ಲವ್ವ ಅಂದೆ. ಹಲಗೆ ಮುಚ್ಚಿ, ಅದರ ಮೇಲೇ ಕೌದಿ ಹಾಸಿದಳು.